ಸುಂಕಮ್ಮನ ಶನಿವಾರದ ಹಾಳೆ

ಹಾಜರಿ ಕೂಗುವಾಗ ಎಂಟನೇ ತರಗತಿಯ ಮಕ್ಕಳೆಲ್ಲ ‘ಹಾಜರ್ ಸಾರ್’ ಎಂದರೆ ಸುಂಕಮ್ಮ ಎದ್ದು ನಿಂತು ಬಲಗೈ ಎತ್ತುತ್ತಿದ್ದಳು. ಎಡಗೈ ಬಾಯಿಗೆ ಅಡ್ಡ ಇರುತ್ತಿತ್ತು. ಮೊದಮೊದಲು ಮೇಷ್ಟ್ರುಗಳು ‘ಬಾಯಿಲ್ಲೇನು ನಿನಗ?’ ಎಂದು ಗದರಿದರು. ಆಮೇಲೆ ಎತ್ತಿದ ಕೈ ನೋಡಿ ಹಾಜರಿ ಹಾಕುವುದನ್ನು ಅವರೂ ರೂಢಿ ಮಾಡಿಕೊಂಡರು.

ಮಾತು ಬಾರದ ಹುಡುಗಿಯೇನಲ್ಲ ಅವಳು. ರಜೆಯ ದಿನ ಅಪ್ಪ ಯರ್ರೆಪ್ಪನ ಜೊತೆ ಕುರಿ ಹೊಡೆದುಕೊಂಡು ಹೋದರೆ ಗುಡ್ಡದ ಆಚೆ ಮಗ್ಗುಲಿನ ಟಗರು ತಿರುಗಿ ಬರುವಂತೆ ಕೂಗುತ್ತಿದ್ದಳು. ಆದರೆ ಮನುಷ್ಯರ ಎದುರು ಬಾಯಿ ತೆರೆದರೆ ಹಲ್ಲು ಕಾಣುತ್ತಿದ್ದವು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಂಚಿನಲ್ಲಿ ಗೆದ್ದಲು ಹಿಡಿದ ಕಟ್ಟಿಗೆಯ ಹಾಗೆ ಸಣ್ಣ ಸಣ್ಣ ಕುಳಿ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಬೇವಿನ ಕಡ್ಡಿ ಎಲ್ಲವನ್ನೂ ಅವಳು ನೋಡಿಯಾಗಿತ್ತು. ಒಸಡಿನಿಂದ ರಕ್ತ ಬರುವವರೆಗೆ ತಿಕ್ಕಿದರೂ ಪಟ್ಟೆ ಒಂದು ಕೂದಲೆಳೆಯಷ್ಟೂ ತೆಳುವಾಗಲಿಲ್ಲ. ತರಗತಿಯ ದುರುಗೇಶ ಅವಳಿಗೆ ‘ಸುಟ್ಟ ಜೋಳ’ ಎಂದು ಹೆಸರಿಟ್ಟಿದ್ದ. ಹೆಸರು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಬರಲು ಎರಡು ದಿನವೂ ಹಿಡಿದಿರಲಿಲ್ಲ.

ಇದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಇಳಿದು ಮೂರು ಮೈಲಿ ಒಳಗೆ ನಡೆದರೆ ಸಿಗುವ ಕರೇಕಲ್ಲಹಟ್ಟಿಯ ಮಾತು. ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿ. ಊರಿಗೆ ಎರಡು ದೊಡ್ಡ ಓಣಿ. ಮೇಲಿನ ಓಣಿಯಲ್ಲಿ ಅಂಗಡಿ, ಮಠ, ಹೊಲದವರ ಮನೆಗಳು. ಕೆಳಗಿನ ಓಣಿಯಲ್ಲಿ ಕುರಿ ಸಾಕುವವರು, ಒಂದಿಷ್ಟು ಒಣ ಹೊಲ ಮಾಡುವವರು. ಊರಾಚೆ ದಿಬ್ಬದ ಮೇಲೆ ನಾಲ್ಕು ಕೋಣೆಯ ಸರ್ಕಾರಿ ಪ್ರೌಢಶಾಲೆ.

ಆ ವರ್ಷ ಶಾಲೆಗೆ ಕನ್ನಡ ಕಲಿಸಲು ಕೊಟ್ರಸ್ವಾಮಿ ಎಂಬ ಹೊಸ ಮೇಷ್ಟ್ರು ಬಂದರು. ಹಂಪಸಾಗರದ ಕಡೆಯವರು, ಹೊಳೆ ನೀರು ಕುಡಿದು ಬೆಳೆದವರು. ಇದೇ ಮೊದಲ ನೌಕರಿ. ದನಿ ಬಹಳ ಮೆತ್ತಗೆ. ಅವರು ‘ಸುಮ್ಮನಿರ್ರಿ’ ಎಂದರೆ ಹುಡುಗರು ಇನ್ನೂ ಜೋರಾಗಿ ಮಾತಾಡುತ್ತಿದ್ದರು. ಪ್ರತಿ ಶಾಲೆಯಲ್ಲಿ ಮಕ್ಕಳ ಗೋಡೆ ಪತ್ರಿಕೆ ಇರಬೇಕೆಂದು ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಹಿಂದಿನವರು ಅಕ್ಷರ ದುಂಡಗಿದ್ದ ಒಬ್ಬಿಬ್ಬರಿಂದ ಸುಭಾಷಿತ ಬರೆಸಿ ಹಲಗೆಗೆ ಅಂಟಿಸಿ ಕೈ ತೊಳೆದುಕೊಂಡಿದ್ದರು. ಕೊಟ್ರಸ್ವಾಮಿ ಅದನ್ನು ಬೇರೆ ಥರ ಮಾಡಿದರು. ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಅವಧಿ ಬರವಣಿಗೆಗೆ. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಆ ವಾರ ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಪುಸ್ತಕದಿಂದ ಇಳಿಸುವಂತಿಲ್ಲ. ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ, ಬೇರೆ ಯಾರಾದರೂ ಗಟ್ಟಿಯಾಗಿ ಓದಬೇಕು. ಮೇಷ್ಟ್ರು ಹಾಳೆಗೆ ಅಂಕ ಹಾಕುತ್ತಿರಲಿಲ್ಲ. ಕೆಳಗೆ ಒಂದು ಪ್ರಶ್ನೆ ಬರೆದು ಕೊಡುತ್ತಿದ್ದರು. ಮುಂದಿನ ಶನಿವಾರ ಅದಕ್ಕೆ ಉತ್ತರ ಬರೆಯಬೇಕು.

ಸುಂಕಮ್ಮ ಮೊದಲ ವಾರ ‘ಹಸು ಸಾಧು ಪ್ರಾಣಿ’ ಎಂದು ಮೂರು ಸಾಲು ಬರೆದಳು. ಅದರ ಕೆಳಗೆ ಮೇಷ್ಟ್ರ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಹಸು ಇದೆಯೆ?’ ಎರಡನೇ ಶನಿವಾರ ಅವಳ ಉತ್ತರ: ‘ಇಲ್ರಿ. ಕುರಿ ಅದಾವ.’ ಅದರ ಕೆಳಗೆ ಮತ್ತೆ ಪ್ರಶ್ನೆ: ‘ಹಾಗಾದರೆ ಕುರಿ ಏನು ಮಾಡಿದವು ಈ ವಾರ?’

ಮೂರನೇ ಶನಿವಾರ ಅವಳು ಹಾಳೆಯ ಎರಡೂ ಮಗ್ಗುಲು ತುಂಬಿಸಿದಳು. ಅದನ್ನು ಓದಲು ಎದ್ದವಳು ಅಮೃತಾ, ಮೇಲಿನ ಓಣಿಯ ಕಿರಾಣಿ ಅಂಗಡಿ ಮರುಳಪ್ಪನವರ ಮಗಳು. ಪ್ರಾರ್ಥನೆ ಹೇಳಿಕೊಡುವವಳೂ ಅವಳೇ. ಗಂಟೆಯಂಥ ಕಂಠ.

“ಗುರುವಾರ ನಮ್ಮ ಬಿಳಿಕಿವಿ ಕುರಿ ಮರಿ ಹಾಕ್ತು. ಮರಿ ಸತ್ತಿತ್ತು. ಅದಾ ದಿನ ಇನ್ನೊಂದು ಮರೀದು ತಾಯಿ ಸತ್ತುಹೋತು. ಬಿಳಿಕಿವಿಗೆ ತನ್ನ ಮರಿ ವಾಸನಿ ಬರಲಿ ಅಂತ ನಮ್ಮಪ್ಪ ಸತ್ತ ಮರಿ ಚರ್ಮ ಬಿಡಿಸಿ ಬದುಕಿದ ಮರಿಗೆ ಅಂಗಿ ತೊಡಿಸಿದಂಗ ತೊಡಿಸಿದ. ಬಿಳಿಕಿವಿ ಮೂಸಿ ನೋಡ್ತು, ದೂರ ಹೋತು. ತಿರುಗಿ ಬಂದು ಇನ್ನೊಮ್ಮಿ ಮೂಸ್ತು. ಆಮ್ಯಾಲೆ ಕಾಲು ಅಗಲ ಮಾಡಿ ನಿಂತು ಹಾಲು ಕೊಡ್ತು. ನಮ್ಮಪ್ಪ ಅತ್ತಾಗ ತಿರುಗಿ ಮೂಗು ಒರಸಿಕೊಂಡ.”

ಅಮೃತಾ ಓದಿ ಮುಗಿಸಿದರೂ ತರಗತಿಯಲ್ಲಿ ಗದ್ದಲ ಏಳಲಿಲ್ಲ. ತನ್ನ ಮನೆಯ ಮಾತು ಇನ್ನೊಬ್ಬಳ ಚೆಂದದ ಬಾಯಿಂದ ಹೊರಗೆ ಬಂದದ್ದು ಸುಂಕಮ್ಮನಿಗೆ ವಿಚಿತ್ರವಾಗಿ ಕಂಡಿತು. ಬಿಳಿಕಿವಿ ತಮ್ಮ ಕುರಿಯೇ ಹೌದೋ ಅಲ್ಲವೋ ಅನ್ನಿಸುವಷ್ಟು ದೊಡ್ಡದಾಗಿತ್ತು ಅದು. ಆಗ ಹಿಂದಿನ ಬೆಂಚಿನಿಂದ ದುರುಗೇಶ ಕೇಳಿದ, “ಆ ಮರಿ ಬದುಕ್ತೇನ್ಲೇ?”

ಅವನು ಸುಟ್ಟ ಜೋಳ ಎನ್ನಲಿಲ್ಲ ಎಂಬುದು ಸುಂಕಮ್ಮನಿಗೆ ಆಮೇಲೆ ಹೊಳೆಯಿತು. ಆ ಕ್ಷಣ ಅವಳು ಮರಿಯ ಬಗ್ಗೆ ಮಾತ್ರ ಯೋಚಿಸಿ, ಕೈಯ ಮರೆಯಿಂದಲೇ ಹೇಳಿದಳು: “ಬದುಕೈತಿ. ನಿನ್ನೆ ಜಿಗಿದಾಡ್ತಿತ್ತು.”

ಹೈಸ್ಕೂಲಿನಲ್ಲಿ ಎಲ್ಲರಿಗೂ ಕೇಳುವಂತೆ ಅವಳಾಡಿದ ಮೊದಲ ಮಾತು ಅದು.

ಅಲ್ಲಿಂದ ಒಂದು ಶನಿವಾರವನ್ನೂ ಅವಳು ತಪ್ಪಿಸಲಿಲ್ಲ. ಉಣ್ಣೆ ಕತ್ತರಿಸುವುದನ್ನು ಬರೆದಳು, ತೋಳದ ಹೆಜ್ಜೆ ಗುರುತಿಸುವುದನ್ನು ಬರೆದಳು, ಓಣಿಯ ಕೆಂಚಕ್ಕಜ್ಜಿ ಬಸ್ಸಿನಲ್ಲಿ ಕೋಳಿಗೂ ಟಿಕೆಟ್ಟು ಕೇಳಿದ ಕಂಡಕ್ಟರನ ಜೊತೆ ಹೂಡಿದ ಜಗಳವನ್ನು ಬರೆದಳು. ಅದನ್ನು ಓದುವಾಗ ಅಮೃತಾಳಿಗೇ ನಗು ತಡೆಯದೆ ಎರಡು ಸಲ ನಿಲ್ಲಿಸಬೇಕಾಯಿತು. ಹಲಗೆಯ ಮುಂದೆ ನಿಂತು ‘ಸುಂಕಮ್ಮಂದು ಬಂದೈತೇನ್ರಲೇ’ ಎಂದು ಹುಡುಗರು ಹುಡುಕುವಂತಾಯಿತು. ಅವಳು ಈಗ ಕೊನೆಯ ಬೆಂಚು ಬಿಟ್ಟು ಮೂರನೇ ಬೆಂಚಿಗೆ ಬಂದಿದ್ದಳು. ಮಾತು ಮಾತ್ರ ಇನ್ನೂ ಕೈಯ ಮರೆಯಲ್ಲೇ.

ಒಂಬತ್ತನೇ ತರಗತಿಯ ದೀಪಾವಳಿ ಕಳೆದ ಮೇಲೆ ಅವಳ ಅಕ್ಕ ರೇಣುಕಾಳನ್ನು ನೋಡಲು ಹೊಳೆಸಾಲಿನ ಊರಿನಿಂದ ಗಂಡಿನ ಕಡೆಯವರು ಬಂದರು. ರೇಣುಕಾಳಿಗೆ ಹತ್ತೊಂಬತ್ತು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಕೆಲಸದಲ್ಲಿ ಗಟ್ಟಿ. ಅವರು ಬರುವ ಮುಂಚೆ ಅವ್ವ ಅವಳನ್ನು ಹಿತ್ತಲಲ್ಲಿ ಕೂರಿಸಿ ತಾನೇ ಉಪ್ಪು ಹಾಕಿ ಹಲ್ಲು ತಿಕ್ಕಿದಳು. “ನಗಬ್ಯಾಡ. ಕೇಳಿದ್ದಕ್ಕಷ್ಟಾ ಹೂಂ ಅನ್ನು,” ಎಂದಳು. ರೇಣುಕಾ ಹಾಗೆಯೇ ಮಾಡಿದಳು. ಆದರೆ ಗಂಡಿನ ತಾಯಿ ಅಡಿಕೆ ಕೊಟ್ಟು, “ಹಾಕ್ಕೋವ್ವಾ,” ಎಂದುಬಿಟ್ಟಳು. ಬಾಯಿ ತೆರೆಯದೆ ಅಡಿಕೆ ಹಾಕಿಕೊಳ್ಳುವುದು ಹೇಗೆ? ಎರಡು ದಿನ ಬಿಟ್ಟು ನಡುವಿನವರು ಬಂದು ಹೇಳಿದರು: “ಹುಡುಗಿ ಚಲೋ ಅದಾಳ. ಹಲ್ಲು ನೋಡಿ ಅವರವ್ವ ಹಿಂದ ಸರದಾಳ. ಮುಂದ ಹುಟ್ಟೋ ಮಕ್ಕಳಿಗೂ ಹಂಗಾ ಬರ್ತಾವೇನೋ ಅಂತ ಅಂಜಿಕಿ.”

ರೇಣುಕಾ ಅಳಲಿಲ್ಲ. ಆ ಸಂಜೆ ಕೊಡ ತೆಗೆದುಕೊಂಡು ನೀರಿಗೆ ಹೋದವಳು ಬಹಳ ಹೊತ್ತಿನ ಮೇಲೆ ಬಂದಳು.

ಆ ಶನಿವಾರ ಸುಂಕಮ್ಮ ‘ನಮ್ಮಕ್ಕನ ಹಲ್ಲು’ ಎಂದು ಬರೆದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ‘ಯಾರ ಕೈಲೂ ಓದಿಸಬ್ಯಾಡ್ರಿ’ ಎಂದು ಬರೆದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಕೊಟ್ರಸ್ವಾಮಿ ಓದಿಸಲಿಲ್ಲ. ಸೋಮವಾರ ಅದೇ ಮಡಿಕೆಯಲ್ಲಿ ವಾಪಸು ಕೊಟ್ಟರು. ಸಮಾಧಾನದ ಮಾತೇನಾದರೂ ಇರಬಹುದು ಎಂದು ಅವಳು ಬಿಚ್ಚಿ ನೋಡಿದರೆ ಎಂದಿನಂತೆ ಒಂದೇ ಪ್ರಶ್ನೆ: ‘ನಿಮ್ಮ ಅಪ್ಪ ಅವ್ವನ ಹಲ್ಲು ಹೇಗಿವೆ?’

ಅವಳಿಗೆ ಮೊದಲು ಸಿಟ್ಟು ಬಂತು. ಇದೆಂಥ ಪ್ರಶ್ನೆ? ಆದರೆ ಅವತ್ತು ಉಣ್ಣುವಾಗ ಅಪ್ಪನ ಬಾಯಿ ನೋಡಿದಳು. ರೊಟ್ಟಿ ಮುರಿದು ನಗುತ್ತಿದ್ದ ಯರ್ರೆಪ್ಪನ ಹಲ್ಲು ಬೆಳ್ಳಗಿದ್ದವು. ಅವ್ವನದೂ ಬಿಳಿ. ಪಕ್ಕದ ಮನೆಯ ದೊಡ್ಡವರದು ಬಿಳಿ, ಮಕ್ಕಳದು ಕಂದು. ದಿನಾ ಕಂಡ ಮುಖಗಳೇ. ಇಷ್ಟು ದಿನ ಅವಳು ತನ್ನ ಬಾಯಿ ಮುಚ್ಚಿಕೊಳ್ಳುವುದರಲ್ಲೇ ಇದ್ದು ಬೇರೆಯವರ ಬಾಯಿ ನೋಡಿರಲೇ ಇಲ್ಲ.

“ಅಪ್ಪಾ, ನೀ ಸಣ್ಣವಿದ್ದಾಗ ಯಾವ ನೀರು ಕುಡೀತಿದ್ದಿ?”

“ಯಾವ ನೀರು ಅಂದ್ರ? ನಮ್ಮ ಓಣಿ ಬಾವೀದು. ಆವಾಗ ಬೋರಿಂಗು ಎಲ್ಲಿತ್ತು? ಅದು ಬಂದಾಗ ನಿಮ್ಮಕ್ಕ ಎರಡು ವರ್ಷದಾಕಿ. ಬೋರಿಂಗು ಬಂದ ಮ್ಯಾಲೆ ಬಾವಿ ಯಾರು ಸೇದ್ತಾರ, ಕಸ ತುಂಬಿದರು.”

ಕೆಳಗಿನ ಓಣಿಯವರು ಹ್ಯಾಂಡ್ ಪಂಪಿಗೆ ಬೋರಿಂಗು ಎನ್ನುತ್ತಿದ್ದರು. ಮೇಲಿನ ಓಣಿಯವರಿಗೆ ಅದು ದೂರ, ಅವರು ತಮ್ಮ ಹಳೇ ಬಾವಿಯನ್ನೇ ಸೇದುತ್ತಿದ್ದರು. ಅಮೃತಾಳ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಇದ್ದವು.

ಸುಂಕಮ್ಮ ಆ ವಾರದ ಉತ್ತರದಲ್ಲಿ ಇಷ್ಟನ್ನೂ ಬರೆದಳು. ಈ ಸಲ ಮೇಷ್ಟ್ರು ಪ್ರಶ್ನೆ ಬರೆಯಲಿಲ್ಲ, ಕರೆದು ಹೇಳಿದರು. “ಇದು ನೀರಿನ ದೋಷ ಇರಬಹುದು. ಫ್ಲೋರೈಡ್ ಅಂತಾರೆ, ನಾನು ಓದಿದ್ದೆ, ನೋಡಿರಲಿಲ್ಲ. ಆದರೆ ನಾಲ್ಕು ಮನೆ ನೋಡಿ ಹೇಳಿದರೆ ಯಾರೂ ನಂಬೋದಿಲ್ಲ.”

“ಎಷ್ಟು ಮನಿ ನೋಡಬೇಕ್ರಿ?”

“ಎಲ್ಲಾ.”

ಅವಳು ಅಮೃತಾಳನ್ನು ಜೊತೆಗೆ ಕರೆದುಕೊಂಡಳು. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ನೋಟುಪುಸ್ತಕ ಹಿಡಿದು ಮನೆ ಮನೆ ಹತ್ತಿದರು. ಎಷ್ಟು ಜನ, ಯಾರ ವಯಸ್ಸೆಷ್ಟು, ನೀರು ಎಲ್ಲಿಯದು, ಹಲ್ಲು ಹೇಗಿವೆ. ಮೊದಲ ಮೂರು ಪ್ರಶ್ನೆಗೆ ಉತ್ತರ ಸಲೀಸಾಗಿ ಬರುತ್ತಿತ್ತು. ನಾಲ್ಕನೆಯದಕ್ಕೆ ಬಾಗಿಲು ಮುಚ್ಚುತ್ತಿದ್ದವು. “ಹಲ್ಲು ನೋಡಾಕ ನಾವೇನು ಸಂತಿ ಎತ್ತೇನು?” ಎಂದು ಒಬ್ಬಾಕೆ ಜಾಡಿಸಿಯೇ ಬಿಟ್ಟಳು. ಬಿಳಿ ಹಲ್ಲಿನ ಅಮೃತಾ ಕೇಳಿದಷ್ಟೂ ಜನ ಮುನಿಸಿಕೊಳ್ಳುತ್ತಿದ್ದರು. ಮೊದಲ ದಿನ ಹನ್ನೊಂದು ಮನೆ ತಿರುಗಿದರೂ ಪುಸ್ತಕದಲ್ಲಿ ಬಿದ್ದದ್ದು ಎರಡೇ.

ಎರಡನೇ ದಿನ ಗೌರಮ್ಮ ಎಂಬಾಕೆಯ ಮನೆಯಲ್ಲಿ ಅವಳ ಹತ್ತು ವರ್ಷದ ಮಗಳು ಅವ್ವನ ಸೀರೆಯ ಹಿಂದೆ ಅಡಗಿ, ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದು ನಿಂತಿತ್ತು. ಸುಂಕಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ತನ್ನ ಕೈ ತೆಗೆದಳು. ತುಟಿ ಅಗಲಿಸಿ ಎಲ್ಲ ಹಲ್ಲನ್ನೂ ತೋರಿಸಿದಳು.

“ನೋಡು, ನನ್ನವು ನಿನ್ನಕಿಂತ ಕೆಟ್ಟ ಅದಾವ. ಈಗ ನಿನ್ನವು ತೋರಿಸು.”

ಹುಡುಗಿ ನೋಡಿತು. ಬೆರಳಿನಿಂದ ಸುಂಕಮ್ಮನ ಹಲ್ಲನ್ನು ಒಮ್ಮೆ ಮುಟ್ಟಿಯೂ ನೋಡಿತು. ಆಮೇಲೆ ಬಾಯಿ ತೆರೆಯಿತು.

ಮುಂದೆ ಎಲ್ಲ ಮನೆಗಳಲ್ಲೂ ಅವಳು ಹೀಗೇ ಮಾಡಿದಳು. ಬಾಗಿಲಲ್ಲಿ ನಿಂತು ಮೊದಲು ತನ್ನದನ್ನು ತೋರಿಸುವುದು, ಆಮೇಲೆ ಕೇಳುವುದು. ಹತ್ತು ಮನೆಯವರೆಗೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಇಪ್ಪತ್ತಕ್ಕೆ ಸ್ವಲ್ಪ. ಐವತ್ತನೇ ಮನೆ ಹೊತ್ತಿಗೆ ಹಲ್ಲು ಎನ್ನುವುದು ಕೈಕಾಲಿನ ಹಾಗೆ ಒಂದು ವಸ್ತು ಅಷ್ಟೇ ಆಗಿತ್ತು. ಕೆಂಚಕ್ಕಜ್ಜಿ ಒಂದೂ ಹಲ್ಲಿಲ್ಲದ ಬಾಯಿ ತೆರೆದು, “ನನ್ನದು ಯಾವುದ್ರಾಗ ಬರಕೋತಿ ಮಗಳಾ, ಬಿಳೇದ್ರಾಗೋ ಕರೇದ್ರಾಗೋ?” ಎಂದು ಕೇಳಿದಾಗ ಸುಂಕಮ್ಮ ಓಣಿಗೆಲ್ಲ ಕೇಳುವಂತೆ ನಕ್ಕಳು. ದುರುಗೇಶನ ಮನೆಯೂ ಕೆಳಗಿನ ಓಣಿಯಲ್ಲೇ. ಅವನು ಗೋಡೆ ಕಡೆ ತಿರುಗಿ ನಿಂತಿದ್ದ. ಕೊನೆಗೆ ಬಾಯಿ ತೆರೆದಾಗ ಮುಂದಿನ ನಾಲ್ಕು ಹಲ್ಲಿನ ಮೇಲೂ ಅದೇ ಕಂದು ಪಟ್ಟೆ. ಇಷ್ಟು ದಿನ ಅವನು ತುಟಿ ಬಿಗಿಹಿಡಿದೇ ಮಾತಾಡುತ್ತಿದ್ದನೆಂದು ಆಗ ಅವಳಿಗೆ ಗೊತ್ತಾಯಿತು. “ಬರಕೋ,” ಎಂದ. “ಹೆಸರು ಬ್ಯಾಡ.”

ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಯಿತು. ಬೋರಿಂಗು ಬಂದಾಗ ಕೂಸುಗಳಾಗಿದ್ದವರು, ಅದರ ನಂತರ ಕೆಳಗಿನ ಓಣಿಯಲ್ಲಿ ಹುಟ್ಟಿದವರು, ಹೆಚ್ಚುಕಡಿಮೆ ಎಲ್ಲರ ಹಲ್ಲಿಗೂ ಪಟ್ಟೆ ಇತ್ತು. ಮುಂಚೆ ಹುಟ್ಟಿ ಬೆಳೆದವರಿಗೆ ಇರಲಿಲ್ಲ. ಮೇಲಿನ ಓಣಿಯಲ್ಲಿ ನಾಲ್ಕೇ ಮಕ್ಕಳಿಗೆ ಇತ್ತು. ಆ ನಾಲ್ವರಲ್ಲಿ ಮೂವರು ಕೆಳಗಿನ ಓಣಿಯ ಅಜ್ಜಿಮನೆಯಲ್ಲಿ ಬೆಳೆದವರು.

‘ನಮ್ಮೂರ ಹಲ್ಲು, ನಮ್ಮೂರ ನೀರು’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಅವಳ ಹಾಳೆ ಜನವರಿಯ ಮೊದಲ ಶನಿವಾರ ಗೋಡೆಗೆ ಏರಿತು. ಯಾರ ಹೆಸರನ್ನೂ ಹಾಕಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮುಂಚೆಯೇ ಗ್ರಾಮ ಪಂಚಾಯಿತಿ ಸದಸ್ಯ ಉಚ್ಚಂಗೆಪ್ಪ ನಾಲ್ಕು ಜನರ ಜೊತೆ ಶಾಲೆಗೆ ಬಂದರು.

“ಯಾರ್ರಿ ಇದನ್ನ ಬರೆಸಿದ್ದು? ನಮ್ಮೂರ ಹೆಣ್ಮಕ್ಕಳನ್ನ ನಾಳೆ ಯಾರು ತಗೋತಾರ? ಹೋಗಿ ಬರೋರೆಲ್ಲ ಓದ್ಯಾರ. ಊರ ಮರ್ಯಾದಿ ಗೋಡಿಗೆ ಹಚ್ಚೀರಲ್ರಿ!”

ಹೆಡ್‌ಮೇಷ್ಟ್ರು ಶಿವಯೋಗಪ್ಪನವರಿಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅವರು ಕೊಟ್ರಸ್ವಾಮಿಯ ಕಡೆ ನೋಡಿ, “ತೆಗೀರಿ ಅದನ್ನ,” ಎಂದರು. ಕೊಟ್ರಸ್ವಾಮಿ ಹಲಗೆಯ ಹತ್ತಿರ ಹೋಗಿ ತಾವೇ ಒಂದೊಂದಾಗಿ ಪಿನ್ನು ಕಿತ್ತರು. ಹಾಳೆಯನ್ನು ಸುಂಕಮ್ಮನಿಗೆ ಕೊಡುವಾಗ ಮುಖ ನೋಡಲಿಲ್ಲ.

ಊರಿನ ಸಿಟ್ಟಿಗಿಂತ ಅದು ಅವಳಿಗೆ ಹೆಚ್ಚು ನೋವು ಮಾಡಿತು.

ಮನೆಯಲ್ಲಿ ಅವ್ವ ಕಾದಿದ್ದಳು. “ಒಂದು ಗಂಡು ತಪ್ಪೈತಿ, ಇನ್ನ ಯಾವುದೂ ಬರದಂಗ ಮಾಡೀದಿ. ನಾಳಿಂದ ಶಾಲಿ ಬಿಡು, ಕುರಿ ಹಿಂದ ಹೋಗು.” ಯರ್ರೆಪ್ಪ ಕಂಬಳಿ ಕೊಡವುತ್ತಿದ್ದ. ಸುಂಕಮ್ಮ ಹಾಳೆಯನ್ನು ಒಲೆಯ ಕಡೆ ಚಾಚಿದಳೋ ಏನೋ, ರೇಣುಕಾ ಬಂದು ಕಿತ್ತುಕೊಂಡಳು. ಬಾಗಿಲ ಬೆಳಕಿಗೆ ಕೂತು ಬೆರಳಿಟ್ಟು ಅಕ್ಷರ ಕೂಡಿಸಿ ಓದತೊಡಗಿದಳು. ನಾಲ್ಕನೇ ಇಯತ್ತೆಯ ಓದು, ಹತ್ತು ವರ್ಷದಿಂದ ಮುಟ್ಟಿರಲಿಲ್ಲ. ಅವಳು ಮುಗಿಸುವ ಹೊತ್ತಿಗೆ ಅವ್ವನ ಬೈಗಳೂ ಮುಗಿದಿತ್ತು.

“ಇಲ್ಲಿ ‘ಒಬ್ಬ ಹುಡುಗಿಯನ್ನು ನೋಡಲು ಬಂದವರು ಹಲ್ಲು ನೋಡಿ ಬಿಟ್ಟುಹೋದರು’ ಅಂತ ಬರದೀಯಲ್ಲ, ಅದು ನಾನೇನ?”

ಸುಂಕಮ್ಮ ತಲೆ ತಗ್ಗಿಸಿದಳು.

“ಮತ್ತ ಹೆಸರು ಯಾಕ ಹಾಕಿಲ್ಲ? ನನ್ನ ಹಲ್ಲು, ನನ್ನ ಹೆಸರು. ಹಾಕು. ಯಾರೋ ಒಬ್ಬ ಹುಡುಗಿ ಅಂದ್ರ ಜನ ಎಲ್ಲಾರ ಮಕ್ಕಳನ್ನೂ ಅನುಮಾನ ಮಾಡ್ತಾರ. ರೇಣುಕಾ ಅಂದ್ರ ನನ್ನನ್ನ ನೋಡ್ತಾರ. ನೋಡಲಿ.” ಆಮೇಲೆ ಅವ್ವನ ಕಡೆ ತಿರುಗಿದಳು. “ಯವ್ವಾ, ನನ್ನ ಹಲ್ಲಿನ ಪಟ್ಟಿ ನೀನು ತಿಕ್ಕಿದ್ದಕ್ಕ ಹೋಗಲಿಲ್ಲ, ಇಕಿ ಬರೆದದ್ದಕ್ಕ ಬರಲಿಲ್ಲ. ಇಕೀ ಶಾಲಿ ಬಿಡಿಸಬ್ಯಾಡ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಟ್ಟಲು ಹೋದಳು. ಶಾಲೆ ಬಿಡುವ ಮಾತು ಮತ್ತೆ ಬರಲಿಲ್ಲ.

ಕೊಟ್ರಸ್ವಾಮಿ ಆ ವಾರವೆಲ್ಲ ತರಗತಿಯಲ್ಲಿ ಪಾಠವನ್ನಷ್ಟೇ ಮಾಡಿದರು. ಭಾನುವಾರ ಬೆಳಿಗ್ಗೆ ಸೈಕಲ್ಲಿನ ಮೇಲೆ ಕೆಳಗಿನ ಓಣಿಗೆ ಬಂದು, ಬೋರಿಂಗಿನ ನೀರನ್ನು ಎರಡು ತೊಳೆದ ಬಾಟಲಿಗೆ ತುಂಬಿಸಿದರು. ಮೇಲಿನ ಓಣಿಯ ಬಾವಿಯ ನೀರನ್ನು ಇನ್ನೊಂದಕ್ಕೆ, ಮೇಲಿನ ಕಸ ಸರಿಸಿ ಕೆಳಗಿನ ಓಣಿಯ ಪಾಳು ಬಾವಿಯದನ್ನು ಮತ್ತೊಂದಕ್ಕೆ. ಸುಂಕಮ್ಮ ಹಗ್ಗ ಹಿಡಿದು ನಿಂತಿದ್ದಳು.

“ಅವತ್ತು ನಾನು ಅಂಜಿದೆ,” ಎಂದರು ಅವರು, ಬಾಟಲಿಗೆ ಚೀಟಿ ಅಂಟಿಸುತ್ತ. “ನನಗೆ ಇದು ಮೊದಲ ನೌಕರಿ.”

“ನಂಗೂ ಅಂಜಿಕಿ ಆಗಿತ್ರಿ,” ಎಂದಳು ಅವಳು.

ಅವರು ಬಾಟಲಿಗಳನ್ನು ಬಳ್ಳಾರಿಗೆ ಒಯ್ದು ನೀರಿನ ಪರೀಕ್ಷೆಗೆ ಕೊಟ್ಟು ಬಂದರು. ಐದು ವಾರದ ಮೇಲೆ ಚೀಟಿ ಬಂತು. ಬೋರಿಂಗಿನ ನೀರಿನಲ್ಲಿ ಇರಬೇಕಾದ್ದಕ್ಕಿಂತ ಮೂರು ಪಟ್ಟು ಫ್ಲೋರೈಡ್. ಎರಡೂ ಬಾವಿಗಳಲ್ಲಿ ಅಳತೆ ಮೀರಿರಲಿಲ್ಲ.

ಮಾರ್ಚಿನಲ್ಲಿ ಮಠದ ಮುಂದಿನ ಕಟ್ಟೆಯ ಮೇಲೆ ಗ್ರಾಮಸಭೆ ಸೇರಿತು. ರಸ್ತೆ, ಬೀದಿದೀಪ, ಆಶ್ರಯ ಮನೆಗಳ ಮಾತು ಮುಗಿದ ಮೇಲೆ ಕೊಟ್ರಸ್ವಾಮಿ ಎದ್ದು, ಶಾಲೆಯ ಮಕ್ಕಳದೊಂದು ವರದಿ ಇದೆ, ಓದಲು ಅವಕಾಶ ಕೊಡಿ ಎಂದರು. ಉಚ್ಚಂಗೆಪ್ಪ ಮುಖ ಗಂಟು ಹಾಕಿಕೊಂಡರು. ಆದರೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, “ಹುಡುಗರು ಏನ ಬರದಾರ, ಕೇಳೋಣಲ್ಲ,” ಎಂದರು. ಶಾಲೆಯ ನಿಯಮದ ಪ್ರಕಾರ ಓದಬೇಕಾದವಳು ಅಮೃತಾ. ಅವಳು ಎದ್ದೂ ನಿಂತಿದ್ದಳು. ಸುಂಕಮ್ಮ ಅವಳ ಕೈಯಿಂದ ಹಾಳೆ ತೆಗೆದುಕೊಂಡಳು.

“ಇವತ್ತು ನಾನಾ ಓದ್ತೀನಿ.”

ಹಾಳೆ ದೊಡ್ಡದು, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಹಿಡಿಯದೆ ಓದುವಂತಿರಲಿಲ್ಲ. ಮೊದಲ ಎರಡು ಸಾಲು ಅವಳ ಕಿವಿಗೇ ಕೇಳಲಿಲ್ಲ. “ಜೋರಾಗಿ ಓದವ್ವಾ,” ಎಂದು ಹೆಂಗಸರ ಗುಂಪಿನಿಂದ ಕೆಂಚಕ್ಕಜ್ಜಿ ಕೂಗಿದಳು. ಸುಂಕಮ್ಮ ನಿಂತು, ಉಸಿರೆಳೆದು, ಗುಡ್ಡದಾಚೆಗಿನ ಟಗರಿಗೆ ಕೂಗುವ ಗಂಟಲಲ್ಲಿ ಮೊದಲಿನಿಂದ ಶುರು ಮಾಡಿದಳು. ಯಾವ ಓಣಿಯಲ್ಲಿ ಎಷ್ಟು ಮಕ್ಕಳು, ಯಾರು ಯಾವ ನೀರು ಕುಡಿದರು, ಬಾವಿ ಯಾವಾಗ ಮುಚ್ಚಿತು. “ಹೊಳೆಸಾಲಿನವರು ನೋಡಿ ಬಿಟ್ಟುಹೋದ ಹುಡುಗಿ ನಮ್ಮಕ್ಕ ರೇಣುಕಾ. ಇದು ನಮ್ಮ ವಂಶದ ರೋಗ ಅಲ್ಲ. ನಮ್ಮ ಅಪ್ಪ ಅವ್ವನ ಹಲ್ಲು ನೋಡಿದರೆ ತಿಳಿಯುತ್ತದೆ. ಇದು ನೀರಿನಿಂದ ಬಂದದ್ದು. ನಮ್ಮವು ಇನ್ನು ಸರಿಯಾಗುವುದಿಲ್ಲ. ಈಗ ತೊಟ್ಟಿಲಲ್ಲಿ ಇರುವವರದು ಕೆಡದಂತೆ ಮಾಡಬಹುದು.” ಕೊನೆಗೆ ಬಳ್ಳಾರಿಯ ಚೀಟಿಯನ್ನು ಓದಿದಳು.

ಉಚ್ಚಂಗೆಪ್ಪನವರ ತೊಡೆಯ ಮೇಲೆ ಅವರ ಒಂದೂವರೆ ವರ್ಷದ ಮೊಮ್ಮಗಳು ಕೂತು ತಾತನ ಟವೆಲ್ಲು ಕಚ್ಚುತ್ತಿತ್ತು. ಅವರು ಅದರ ಬಾಯಿಂದ ಟವೆಲ್ಲು ಬಿಡಿಸಿ ಒಂದು ಕ್ಷಣ ಒಳಗೆ ನೋಡಿದರು. ಗೌರಮ್ಮ ಎದ್ದು ನಿಂತು ಕೇಳಿದಳು, “ಹಂಗಾರ ನಾಳಿಂದ ನಾವೇನು ಕುಡೀಬೇಕು? ಅದನ್ನ ಹೇಳು.”

ಹಾಳೆಯಲ್ಲಿ ಅದಕ್ಕೆ ಉತ್ತರ ಬರೆದಿರಲಿಲ್ಲ. ಸುಂಕಮ್ಮ ಮೇಷ್ಟ್ರ ಕಡೆ ನೋಡಲಿಲ್ಲ. “ನಮ್ಮ ಬಾವಿ ಐತಲ್ರಿ. ಹೂಳು ತೆಗೀಬೇಕು. ಬೋರಿಂಗು ಬಟ್ಟಿ ಒಗ್ಯಾಕ, ದನಕ್ಕ ಇಟ್ಕೊಳ್ಳೋಣು.”

ಎಲ್ಲರೂ ಒಪ್ಪಿದರೆಂದರೆ ಸುಳ್ಳಾದೀತು. ಒಂದಷ್ಟು ಜನ ‘ಹುಡುಗಿ ಮಾತಿಗೆ ಬಾವಿ ತೋಡಬೇಕೇನು’ ಎಂದು ಎದ್ದು ಹೋದರು. ಆದರೆ ಯುಗಾದಿ ಕಳೆದ ಮೇಲೆ ಯರ್ರೆಪ್ಪ ಮತ್ತು ಇನ್ನೂ ಎಂಟು ಜನ ಹಗ್ಗ, ಬುಟ್ಟಿ ಹಿಡಿದು ಬಾವಿಗೆ ಇಳಿದರು. ಹದಿನಾರು ದಿನ ಹಿಡಿಯಿತು. ಹರಿದ ಚಪ್ಪಲಿ, ಒಡೆದ ಗಡಿಗೆ, ಒಂದು ಸೈಕಲ್ ಚಕ್ರ, ಗಾಡಿಗಟ್ಟಲೆ ಕಸ, ನಿಂತ ಹಳೇ ನೀರು ಎಲ್ಲ ಬಂದ ಮೇಲೆ ತಳದ ಬಂಡೆಯ ಬಿರುಕಿನಿಂದ ಹೊಸ ನೀರು ಒಸರಿತು. ಉಚ್ಚಂಗೆಪ್ಪ ಸುಣ್ಣ, ಬ್ಲೀಚಿಂಗ್ ಪುಡಿ ಕಳಿಸಿಕೊಟ್ಟರು, ತಾವು ಬರಲಿಲ್ಲ. ಮೂರರಲ್ಲಿ ಎರಡು ಪಾಲು ಮನೆಗಳು ಬಾವಿಗೆ ತಿರುಗಿದವು. ಸೇದುವ ಕಷ್ಟಕ್ಕೆ ಉಳಿದವರು ಬೋರಿಂಗನ್ನೇ ಹೊಡೆದರು.

ಮರುವರ್ಷ ರೇಣುಕಾಳನ್ನು ನೋಡಲು ಚಿಗಟೇರಿ ಕಡೆಯಿಂದ ಒಬ್ಬ ಬಂದ. ಈ ಸಲ ಅವಳೇ ಮೊದಲು ಮಾತಾಡಿಸಿದಳು. “ನನ್ನ ಹಲ್ಲು ಹಿಂಗ ಅದಾವ, ಯಾಕ ಅಂತ ನನ್ನ ತಂಗಿ ಬರದಾಳ, ಓದ್ತೀರೇನು?” ಎಂದಳಂತೆ. ಅವನು ಓದಿದ. ಮದುವೆಯಾಯಿತು.

ಸುಂಕಮ್ಮ ಗಣಿತದಲ್ಲಿ ಒಮ್ಮೆ ಬಿದ್ದು, ಎರಡನೇ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿ, ಕೂಡ್ಲಿಗಿಯಲ್ಲಿ ಪಿಯುಸಿ ಮುಗಿಸಿದಳು. ಕೊಟ್ರಸ್ವಾಮಿಗೆ ಹಡಗಲಿಯ ಕಡೆ ವರ್ಗವಾಯಿತು. ಹೊಸ ಮೇಷ್ಟ್ರು ಶನಿವಾರದ ಹಾಳೆಯನ್ನು ಮುಂದುವರಿಸಲಿಲ್ಲ. ಎರಡು ಸಾವಿರದ ಎರಡರ ಹೊತ್ತಿಗೆ ಸುಂಕಮ್ಮ ಕೂಡ್ಲಿಗಿಯಲ್ಲಿ, ಕಚೇರಿಗಳ ಎದುರಿನ ಬೇವಿನ ಮರದ ಕೆಳಗೆ ಒಂದು ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆಯಲು ಕೂತಳು. ಅಲ್ಲಿ ಅರ್ಜಿ ಬರೆಯುವ ಐವರಲ್ಲಿ ಹೆಂಗಸು ಅವಳೊಬ್ಬಳೇ. ಗಂಡಸರಿಗೆ ಹೇಳಲಾಗದ್ದನ್ನು ಹೇಳಲು ಹೆಂಗಸರು ಅವಳ ಮೇಜನ್ನು ಹುಡುಕಿಕೊಂಡು ಬಂದರು. ಬರಬರುತ್ತ ಗಂಡಸರೂ ಬಂದರು.

ಒಂದು ಮಧ್ಯಾಹ್ನ ಮೈಲಾರಲಿಂಗಪ್ಪ ಎಂಬ ಮುದುಕ ಬಂದು ಕೂತ. ಹೆದ್ದಾರಿಯಲ್ಲಿ ಲಾರಿಯೊಂದು ಅವನ ಟಗರಿನ ಮೇಲೆ ಹಾದುಹೋಗಿತ್ತು. ಅವನು ಟಗರು ಹುಟ್ಟಿದ ದಿನದಿಂದ ಶುರು ಮಾಡಿದ. ಅದರ ತಾಯಿ ಎಂಥದು, ಅದಕ್ಕೆ ಯಾವ ಸೊಪ್ಪು ಇಷ್ಟ, ಕಾಳಗದಲ್ಲಿ ಅದು ಯಾರ ಟಗರನ್ನು ಓಡಿಸಿತ್ತು. ಸುಂಕಮ್ಮ ಬರೆಯುತ್ತಲೇ ಇದ್ದಳು. ಮೂರನೇ ಹಾಳೆ ತಿರುವಿದಾಗ, ಪಕ್ಕದ ಮೇಜಿನಲ್ಲಿ ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದ ಅಜ್ಜ ಕನ್ನಡಕ ಸರಿಸಿ ಇಣುಕಿದ.

“ಏನವ್ವಾ, ಸತ್ತ ಟಗರಿಗೆ ಒಂದು ಹಾಳಿ ಸಾಲದೇನು?”

“ಅವರಿನ್ನೂ ಹೇಳಿ ಮುಗಿಸಿಲ್ರಿ ಅಜ್ಜಾರ,” ಎಂದು ನಕ್ಕು, ಸುಂಕಮ್ಮ ಪೆನ್ನಿಗೆ ರೀಫಿಲ್ಲು ಬದಲಿಸಿದಳು. “ಹೇಳ್ರಿ ಯಪ್ಪಾ, ಕೊಂಬು ಯಾವ ಕಡಿಗೆ ತಿರುಗಿದ್ವು ಅಂದ್ರಿ?”